ಕಂಪನಿ ಕೈಬಿಟ್ಟರೆ ಬಿಡಲಿ, ನೀವು ಕೆಡಿಸಬೇಡಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಮದುವೆ ಆರ್ಡರ್ ಹಿಡಿಯುವವರೇ, ರೀಲ್ಸ್ ಮಾಡುವವರೇ, ಭಾನುವಾರ ಬಂತೆಂದರೆ ಜಿಂಕೆ-ನವಿಲು ಹುಡುಕಿಕೊಂಡು ಹೊರಡುವವರೇ, ನಿಮ್ಮಲ್ಲಿ ಯಾರ ಕೊರಳಲ್ಲಿ ಕ್ಯಾನನ್ ಎಂ50 ಇದೆಯೋ ಅವರಿಗೆ ಈ ಮಾತು. ಆ ಸರಣಿಯನ್ನು ಕಂಪನಿ ನಿಲ್ಲಿಸಿತು ಎಂದು ಕೇಳಿದ್ದೇ ತಡ, ಸಿಕ್ಕ ಬೆಲೆಗೆ ಮಾರಲು ಹೊರಟಿದ್ದೀರಿ. ಇಲಿಗೆ ಹೆದರಿ ಮನೆಗೆ ಬೆಂಕಿ ಹಚ್ಚಿದರಂತೆ. ಸ್ವಲ್ಪ ಕುಳಿತು ಕೇಳಿ.

ಎಂ ಸರಣಿ ಹುಟ್ಟಿದ್ದು 2012ರ ಜುಲೈನಲ್ಲಿ. ಒಳಗೆ ಕನ್ನಡಿ ಇಲ್ಲದ್ದರಿಂದ ಬಾಡಿ ಚಿಕ್ಕದಾಯಿತು, ಹಗುರವಾಯಿತು. 2018ರಲ್ಲಿ ಎಂ50 ಬಂದಾಗ ಹುಡುಗರು ಮುಗಿಬಿದ್ದು ಕೊಂಡರು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾನನ್‌ನವರು ಆರ್ ಎಂಬ ಬೇರೆಯದೇ ಸರಣಿ ಹೊರತಂದರು. ಆಗಿನಿಂದಲೇ ಗುಸುಗುಸು: ಎಂ ಕಥೆ ಮುಗಿಯಿತು ಎಂದು. ಅದನ್ನು ನಂಬಿ ಮಾರಿದವರು ಮಾರಿದರು. 2020ರಲ್ಲಿ ಎಂ50 ಮಾರ್ಕ್ 2 ಬಂತು. ಬಾಗಿಲು ನಿಜವಾಗಿ ಮುಚ್ಚತೊಡಗಿದ್ದು 2022ರ ಮೇನಲ್ಲಿ, ಎಂನಂತೆಯೇ ಚಿಕ್ಕ ಸೆನ್ಸರಿನ ಆರ್7, ಆರ್10 ಬಂದ ಮೇಲೆ. ಮರುವರ್ಷ, ನಮ್ಮ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದ 2023ರಲ್ಲೇ, ಎಂ ಸರಣಿ ನಿಂತಿತು.

ನಿಂತದ್ದು ತಯಾರಿಕೆ. ನಿಮ್ಮ ಕೈಲಿರುವ ಕ್ಯಾಮೆರಾ ನಿಂತಿಲ್ಲವಲ್ಲ! ಅದರ 24 ಮೆಗಾಪಿಕ್ಸೆಲ್ ಸೆನ್ಸರಿಗೆ ಕಂಪನಿಯ ತೀರ್ಮಾನ ಗೊತ್ತಿಲ್ಲ. ನಿನ್ನೆ ತೆಗೆದ ಹಾಗೆಯೇ ನಾಳೆಯೂ ಫೋಟೊ ತೆಗೆಯುತ್ತದೆ. ಚಿತ್ರ ಚೆನ್ನಾಗಿ ಬರದಿದ್ದರೆ ಬೆಳಕು ನೋಡಿ, ನಿಮ್ಮ ಕೈ ನೋಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಹಾಗೆಂದು ಕಣ್ಣು ಮುಚ್ಚಿಕೊಂಡು ಇದರ ಮೇಲೇ ದುಡ್ಡು ಸುರಿಯಬೇಡಿ. ಇಲ್ಲಿ ಒಂದು ಲೆಕ್ಕ ತಿಳಿದುಕೊಳ್ಳಬೇಕು. ಎಂ ಬಾಡಿಯಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರಿಗೆ 18 ಮಿಲಿಮೀಟರ್. ಆರ್ ಬಾಡಿಯಲ್ಲಿ ಅದು 20. ಎಂ ಲೆನ್ಸನ್ನು ಹೇಗೋ ಒಯ್ದು ಆರ್ ಬಾಡಿಗೆ ಕೂರಿಸಿದರೂ ಅದು ಎರಡು ಮಿಲಿಮೀಟರ್ ಹೊರಗೇ ಉಳಿಯುತ್ತದೆ, ದೂರದ್ದು ಫೋಕಸ್ ಆಗುವುದಿಲ್ಲ. ಆರ್ ಲೆನ್ಸನ್ನು ಎಂ ಬಾಡಿಗೆ ಹಾಕೋಣವೆಂದರೆ ಅದರ ಬಾಯಿ 54 ಮಿಲಿಮೀಟರ್ ಅಗಲ, ಇದರದ್ದು 47. ನಡುವೆ ಅಡಾಪ್ಟರ್ ಇಡಲು ಆ ಎರಡು ಮಿಲಿಮೀಟರ್ ಎಲ್ಲಿಗೂ ಸಾಲದು. ಒಂದು ಕಂಪನಿಯ ಎರಡು ನಲ್ಲಿಗೆ ಬೇರೆ ಬೇರೆ ಥ್ರೆಡ್ ಇದ್ದ ಹಾಗೆ. ಮುಂದೆ ಆರ್ ಕೊಂಡರೆ ನಿಮ್ಮ ಎಂ ಲೆನ್ಸುಗಳು ಜೊತೆಗೆ ಬರುವುದಿಲ್ಲ.

ಹಳೆಯ ಇಎಫ್, ಇಎಫ್-ಎಸ್ ಲೆನ್ಸುಗಳ ಮಾತು ಬೇರೆ. 1987ರಿಂದ ನಡೆದುಬಂದ ಆ ಪದ್ಧತಿಯಲ್ಲಿ ಅಂತರ 44 ಮಿಲಿಮೀಟರ್, ಅಡಾಪ್ಟರಿಗೆ ಬೇಕಾದಷ್ಟು ಜಾಗ. ಅವು ಒಂದು ಅಡಾಪ್ಟರಿನಿಂದ ಎಂಗೆ ಕೂರುತ್ತವೆ, ಇನ್ನೊಂದರಿಂದ ಆರ್‌ಗೂ ಕೂರುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗುವವರು ಇದನ್ನು ಗಂಟು ಹಾಕಿಕೊಳ್ಳಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಆ ಬಯಲು-ಕುರುಚಲಿನಲ್ಲಿ ಜಿಂಕೆ ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಉದ್ದದ ಲೆನ್ಸ್ ಬೇಕೇ ಬೇಕು. ಎಂಗೆಂದೇ ಮಾಡಿದ 55-200 ಬಿಟ್ಟು, ಇಎಫ್-ಎಸ್ 55-250 ಎಸ್‌ಟಿಎಂ ಅನ್ನು ಸೆಕೆಂಡ್ ಹ್ಯಾಂಡ್ ಆದರೂ ಸರಿ, ಅಡಾಪ್ಟರ್ ಸಮೇತ ಕೊಳ್ಳಿ. ಚಿಕ್ಕ ಸೆನ್ಸರಿನಲ್ಲಿ ಅದು 400 ಎಂಎಂನಷ್ಟು ಹತ್ತಿರ ಎಳೆದು ತೋರಿಸುತ್ತದೆ. ನಾಳೆ ಬಾಡಿ ಬದಲಾದರೂ ಲೆನ್ಸ್ ನಿಮ್ಮದೇ. ಮತ್ತೆ, ಚಿತ್ರದ ಆಸೆಗೆ ಜಿಂಕೆಯನ್ನು ಬೈಕಿನಲ್ಲಿ ಓಡಿಸಿಕೊಂಡು ಹೋಗಬೇಡಿ. ಆ ಕೆಲಸಕ್ಕೆ ಯಾವ ಲೆನ್ಸೂ ಬೇಡ, ಹೊಡೆತ ಬೇಕು.

ಎಂ ಲೆನ್ಸಿನಲ್ಲಿ ಒಂದಕ್ಕೆ ಮಾತ್ರ ವಿನಾಯಿತಿ ಕೊಡುತ್ತೇನೆ: 22 ಎಂಎಂ, ಎಫ್2. ತೂಕ 105 ಗ್ರಾಂ. ಸಿದ್ದೇಶ್ವರ ಗುಡಿಯ ಒಳಗಿನ ಮಬ್ಬಿನಲ್ಲೂ, ಅರಿಸಿನ ಹಚ್ಚುವ ನಡುಮನೆಯಲ್ಲೂ ಫ್ಲ್ಯಾಶ್ ಬೇಡದಷ್ಟು ಬೆಳಕು ಹಿಡಿಯುತ್ತದೆ. ಬೆಲೆ ಇಳಿದು ಸಿಕ್ಕರೆ ಬಿಡಬೇಡಿ, ಆರ್‌ಗೆ ಹೋಗದಿದ್ದರೂ ಸರಿ.

ಇನ್ನು ಗುಸುಗುಸು ಮಾತು. ನಿಕಾನ್ 1 ಸರಣಿ 2011ರಲ್ಲಿ ಬಂದು 2018ರಲ್ಲಿ ನಿಂತೇ ಹೋಯಿತು. ಸ್ಯಾಮ್‌ಸಂಗ್‌ನ ಎನ್‌ಎಕ್ಸ್ ಅದಕ್ಕೂ ಮುಂಚೆಯೇ ಮರೆಯಾಯಿತು. ಅದೇ ಒಲಿಂಪಸ್ ನೋಡಿ: 2020ರಲ್ಲಿ ಕಂಪನಿ ತನ್ನ ಕ್ಯಾಮೆರಾ ವ್ಯವಹಾರವನ್ನೇ ಮಾರುತ್ತೇನೆ ಎಂದಾಗ ಎಲ್ಲರೂ ತಿಥಿ ಊಟಕ್ಕೆ ಎಲೆ ಹಾಕಿದರು. ಅದು 2021ರಲ್ಲಿ ಬೇರೆ ಕೈಗೆ ಹೋಗಿ, ಓಎಂ ಹೆಸರಿನಲ್ಲಿ ಹೊಸ ಕ್ಯಾಮೆರಾ ತಂದಿತು. ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ಯೂಟ್ಯೂಬಿನವರ ಮುಖ ನೋಡಿ ತೀರ್ಮಾನಿಸಬೇಡಿ. ಹೊಸ ಬಾಡಿ ಬರುತ್ತಿದೆಯೇ, ಹೊಸ ಲೆನ್ಸ್ ಬರುತ್ತಿದೆಯೇ, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ರಿಪೇರಿ ಮಾಡುವವರು ಇದ್ದಾರೆಯೇ, ಈ ಮೂರನ್ನು ಕೇಳಿ.

ರಿಪೇರಿ ಎಂದಾಗ ನೆನಪಾಯಿತು, ಬೈಯುವುದು ಬಾಕಿ ಇದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ರಾಶಿ ಮುಂದೆ ನಿಂತು ಲೆನ್ಸ್ ಬಿಚ್ಚುತ್ತೀರಲ್ಲ, ನಿಮಗೇನು ಹೇಳಬೇಕು? ಸೋಮವಾರ, ಗುರುವಾರದ ಆ ಘಾಟಿಗೆ ಮನುಷ್ಯರೇ ಸೀನುತ್ತಾರೆ. ಈ ಕ್ಯಾಮೆರಾದಲ್ಲಿ ಕನ್ನಡಿ ಇಲ್ಲ, ಲೆನ್ಸ್ ತೆಗೆದ ಕ್ಷಣ ಸೆನ್ಸರು ಬೆತ್ತಲೆ. ಲೆನ್ಸ್ ಮನೆಯಲ್ಲೇ ಬದಲಿಸಿ ಹೊರಡಿ. ಪೇಟೆಯಲ್ಲಿ ಬದಲಿಸಲೇಬೇಕೆಂದರೆ ಬಾಡಿಯ ಬಾಯಿ ಕೆಳಗೆ ಮಾಡಿ, ಬೇಗ ಮುಗಿಸಿ. ಸೆನ್ಸರನ್ನು ಬಾಯಲ್ಲಿ ಊದಬೇಡಿ, ಅಂಗಿಯ ತುದಿಯಲ್ಲಿ ಒರೆಸಬೇಡಿ. ರಬ್ಬರಿನ ಬ್ಲೋಯರ್ ಇಟ್ಟುಕೊಳ್ಳಿ. ದೀಪಾವಳಿಯ ನಂತರ ಹೋರಿ ಹಬ್ಬದ ಧೂಳಿನಲ್ಲೂ ಇದೇ ನಿಯಮ. ಅಲ್ಲಿ ಬೇಲಿಯ ಹಿಂದೆ ನಿಲ್ಲಿ. ಕೊಬ್ಬರಿ ಕಟ್ಟಿಕೊಂಡು ನುಗ್ಗುವ ಹೋರಿಗೆ ನಿಮ್ಮ ಫ್ರೇಮ್ ಬೇಕಾಗಿಲ್ಲ.

ಬ್ಯಾಟರಿಯದ್ದು ನಿಜವಾದ ಚಿಂತೆ. ಎಂ50ಕ್ಕೆ ಬೇಕಾದದ್ದು ಎಲ್‌ಪಿ-ಇ12, ಆರ್10ದ ಎಲ್‌ಪಿ-ಇ17 ಇದಕ್ಕೆ ಕೂರುವುದಿಲ್ಲ. ಒಳ್ಳೆಯದು ಸಿಗುವಾಗಲೇ ಎರಡು ತೆಗೆದಿಡಿ. ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಅಗ್ಗದ ಬ್ಯಾಟರಿ ಊದಿದರೆ ಬಾಡಿಯಿಂದ ಹೊರಗೇ ಬರುವುದಿಲ್ಲ. ತಿಂಗಳುಗಟ್ಟಲೆ ಬಳಸದಿದ್ದರೆ ತೆಗೆದು ಬೇರೆ ಇಡಿ. ಮದುವೆಯಲ್ಲಿ 4ಕೆ ಎಂದು ಜಂಬ ಪಡಬೇಡಿ: ಎಂ50ದಲ್ಲಿ 4ಕೆ ಹಾಕಿದರೆ ಚಿತ್ರ ಕತ್ತರಿಸಿಕೊಳ್ಳುತ್ತದೆ, ಒಳ್ಳೆಯ ಆಟೊಫೋಕಸ್ ಕೈಬಿಡುತ್ತದೆ. ಫುಲ್ ಎಚ್‌ಡಿ ಸಾಕು. ಕಾರ್ಡಿಗೆ ಇರುವುದು ಒಂದೇ ಕಿಂಡಿ, ಆದ್ದರಿಂದ ಊಟಕ್ಕೆ ಕೂರುವ ಮೊದಲು ಲ್ಯಾಪ್‌ಟಾಪಿಗೆ ಇಳಿಸಿ, ಆಲ್ಬಂ ಕೊಡುವವರೆಗೆ ಕಾರ್ಡ್ ಅಳಿಸಬೇಡಿ. ಮದುಮಗಳ ತಾಯಿಗೆ ‘ಕಾರ್ಡ್ ಕೆಟ್ಟಿತು ಅಕ್ಕಾ’ ಎಂದು ಹೇಳುವ ಧೈರ್ಯ ನಿಮಗಿಲ್ಲ.

ಈಗ ಅಗ್ಗಕ್ಕೆ ಸಿಗುತ್ತದೆಂದು ಎಂ50 ಕೊಳ್ಳಲು ಹೊರಟವರಿಗೂ ಒಂದು ಮಾತು. ಕಲಿಯುವುದಕ್ಕೆ, ಮನೆ-ಮಕ್ಕಳ ಚಿತ್ರಕ್ಕೆ ಕೊಳ್ಳಿ. ಬಿಲ್ ಇಲ್ಲದೆ ಕೊಳ್ಳಬೇಡಿ. ಎಫ್16 ಇಟ್ಟು ಆಕಾಶದ ಒಂದು ಚಿತ್ರ ತೆಗೆದು ಚುಕ್ಕೆ ಇವೆಯೇ ನೋಡಿ, ಮಡಚುವ ಪರದೆಯನ್ನು ಪೂರ್ತಿ ತಿರುಗಿಸಿ ನೋಡಿ, ಬ್ಯಾಟರಿ ಊದಿದೆಯೇ ಮುಟ್ಟಿ ನೋಡಿ. ಸ್ಟುಡಿಯೋ ಹಾಕಿ ಅದರಲ್ಲೇ ಅನ್ನ ದುಡಿಯುವವರಾದರೆ ಇದು ಬೇಡ, ಇಂದಿಗೂ ಬೆಳೆಯುತ್ತಿರುವ ಸರಣಿಗೇ ಹೋಗಿ. ಅದಕ್ಕೂ ಹಾಸಿಗೆ ಇದ್ದಷ್ಟೇ ಕಾಲು ಚಾಚಿ: ಇಎಂಐ ಕಟ್ಟುವಷ್ಟು ಆರ್ಡರ್ ಡೈರಿಯಲ್ಲಿ ಇವೆಯೇ ಎಂದು ಮೊದಲು ಎಣಿಸಿ, ಆಮೇಲೆ ಅಂಗಡಿ ಮೆಟ್ಟಿಲು ಹತ್ತಿ. ಅಲ್ಲಿಯವರೆಗೆ ಎಂ50 ಕೆಲಸ ಮಾಡಲಿ, ನೀವೂ ಮಾಡಿ.