ಸೊಂಡಿಲಿಗೆ ವಿಷ ಇದೆಯಾ?



ರಾತ್ರಿ ಗೋಡೆ ಪಕ್ಕ ಕಿಚಕಿಚ ಅನ್ನುತ್ತ ಓಡುವ ಸೊಂಡಿಲಿಯನ್ನು ನೋಡಿದ್ದೀರಲ್ಲ? ಅದಕ್ಕೆ ಉದ್ದ ಮೂತಿ, ಕೆಟ್ಟ ವಾಸನೆ. ಆದವಾನಿ, ಕೌತಾಳಂ, ಹೊಳಗುಂದ ಕಡೆ ತೆಲುಗಿನವರು ಚುಂಚೆಲುಕ ಅಂತಾರೆ. ಇದು ಕಚ್ಚಿದರೆ ವಿಷ ಏರುತ್ತಾ? ತಿಳಿಯೋಣ.

ಮರಿಗೆ ಹಾಲು ಕೊಡುವ ಪ್ರಾಣಿಗೆ ಸಸ್ತನಿ ಎನ್ನುತ್ತಾರೆ. ಹಸು, ನಾಯಿ, ಸೊಂಡಿಲಿ, ಮನುಷ್ಯ ಎಲ್ಲರೂ ಸಸ್ತನಿಗಳೇ. ಸಸ್ತನಿಗಳಲ್ಲಿ ವಿಷ ಇರುವವು ಬಹಳ ಕಡಿಮೆ. ಅಮೆರಿಕದಲ್ಲಿ ಗಿಡ್ಡ ಬಾಲದ ಒಂದು ಸೊಂಡಿಲಿ ಇದೆ. ಅದರ ಜೊಲ್ಲಿನಲ್ಲಿ ವಿಷ ಇದೆ. ಅದು ಕಚ್ಚಿದ ಹುಳು ಸಾಯದೆ, ಅಲುಗಾಡದೆ ಬಿದ್ದಿರುತ್ತೆ. ಸೊಂಡಿಲಿ ಅದನ್ನು ಕೂಡಿಟ್ಟು ಆಮೇಲೆ ತಿನ್ನುತ್ತೆ.

ಈ ವಿಷ ಏನು? ಬೇಳೆ, ಮೊಟ್ಟೆಯಲ್ಲಿ ಪ್ರೋಟೀನ್ ಇದೆ ಅಂತ ಕೇಳಿದ್ದೀರಿ. ಪ್ರೋಟೀನ್ ಅಂದರೆ ಉದ್ದ ಮಣಿಸರ ಇದ್ದಂತೆ. ಗಿಡ್ಡ ಸರಕ್ಕೆ ಪೆಪ್ಟೈಡ್ ಎಂದು ಹೆಸರು. 2004ರಲ್ಲಿ ಜಪಾನಿನ ವಿಜ್ಞಾನಿಗಳು ಈ ಸೊಂಡಿಲಿಯ ಒಂದು ವಿಷದ ಪ್ರೋಟೀನನ್ನು ಬೇರ್ಪಡಿಸಿದರು. ನಮ್ಮ ಜೊಲ್ಲಿನಲ್ಲಿರುವ ಒಂದು ಪ್ರೋಟೀನಿಗೆ ಅದು ಅಣ್ಣತಮ್ಮ ಇದ್ದಂತೆ. ಮಣಿ ಪೋಣಿಸಿದ ರೀತಿ ಸ್ವಲ್ಪ ಬೇರೆ, ಅಷ್ಟೇ. ಹುಳುವನ್ನು ಅಲುಗದಂತೆ ಮಾಡುವ ಪೆಪ್ಟೈಡ್‌ಗಳೂ ಆಮೇಲೆ ಸಿಕ್ಕವು.

ನಮ್ಮ ಮನೆಯ ಸೊಂಡಿಲಿ ಬೇರೆ ಜಾತಿ. ಮನುಷ್ಯನನ್ನು ಕೊಲ್ಲುವ ವಿಷ ಅದಕ್ಕಿಲ್ಲ. ಆದರೂ ಕಚ್ಚಿದರೆ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಡಾಕ್ಟರಿಗೆ ತೋರಿಸಿ.

ಆದರೆ ಎಚ್ಚರ! ಕತ್ತಲಲ್ಲಿ ಏನೋ ಕಚ್ಚಿದರೆ "ಸೊಂಡಿಲಿ ಇರಬೇಕು ಬಿಡು" ಅಂತ ಮತ್ತೆ ಮಲಗಬೇಡಿ. ಅದು ಕಟ್ಟುಹಾವು ಇರಬಹುದು. ತೆಲುಗಿನಲ್ಲಿ ಕಟ್ಲಪಾಮು. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಚ್ಚುತ್ತೆ. ನೋವು ಅಷ್ಟಾಗಿ ಇರಲ್ಲ. ಗಾಯವೂ ಕಾಣದೇ ಇರಬಹುದು. ಕೆಲವು ಗಂಟೆ ಕಳೆದ ಮೇಲೆ ಹೊಟ್ಟೆ ನೋಯುತ್ತೆ, ರೆಪ್ಪೆ ಜೋಲುತ್ತೆ, ಮಾತು ತೊದಲುತ್ತೆ. ಚಿಕಿತ್ಸೆ ಸಿಗದಿದ್ದರೆ ಉಸಿರೇ ನಿಲ್ಲಬಹುದು.

ಗಾಯ ಕೊಯ್ಯಬೇಡಿ. ಬಾಯಿಂದ ಹೀರಬೇಡಿ. ಹಗ್ಗ ಬಿಗಿಯಬೇಡಿ. ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಧೈರ್ಯ ಹೇಳಿ. 108ಕ್ಕೆ ಫೋನ್ ಮಾಡಿ, ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಚದ ಮೇಲೆ, ಸೊಳ್ಳೆಪರದೆ ಕಟ್ಟಿ ಮಲಗುವುದು ಒಳ್ಳೆಯದು.

ಹಾವಿನ ವಿಷ ಇಳಿಸುವ ಇಂಜೆಕ್ಷನ್ ಎಲ್ಲಿಂದ ಬರುತ್ತೆ ಗೊತ್ತಾ? ಕುದುರೆಗೆ ಸ್ವಲ್ಪ ಸ್ವಲ್ಪವೇ ಹಾವಿನ ವಿಷ ಕೊಡುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ತಡೆಯುವ ಪ್ರೋಟೀನ್ ಹುಟ್ಟುತ್ತೆ. ಅದೇ ನಮಗೆ ಮದ್ದು. ಕುದುರೆಯೂ ಸಸ್ತನಿಯೇ!

ಉತ್ತರ ಹೇಳಿ:
1. ಸಸ್ತನಿ ಎಂದರೆ ಯಾವ ಪ್ರಾಣಿ?
2. ಕಟ್ಟುಹಾವು ಕಚ್ಚಿದ್ದು ಏಕೆ ಗೊತ್ತಾಗುವುದಿಲ್ಲ?
3. ನಿಮ್ಮ ಊರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು? ಹೆಸರು ಬರೆಯಿರಿ.