ಆಕಾಶದ ಸಂದಣಿಯೂ ನಿಯಂತ್ರಕರ ಭಾರವೂ



ಮಳೆಗಾಲದಲ್ಲಿ ಹಳ್ಳದ ಕಾಲುಸಂಕವನ್ನು ದಾಟುವ ಕಷ್ಟವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹುಡುಗಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಪ್ರಾರ್ಥನೆಗೆ ಸಾಲಾಗಿ ನಿಂತ ನೂರು ಮಂದಿಯನ್ನು ಒಬ್ಬ ಉಪಾಧ್ಯಾಯಿನಿಯು ನಿರಾಯಾಸವಾಗಿ ನೋಡಿಕೊಳ್ಳಬಲ್ಲಳು. ಸಂಕದ ಎರಡು ಕಡೆಗಳಿಂದಲೂ ಐದೈದು ಮಂದಿ ಏಕಕಾಲದಲ್ಲಿ ಹೊರಟರೆ ಅವಳ ಎದೆಯು ಬಡಿದುಕೊಳ್ಳುವುದು. ನಮ್ಮ ಬೆಟ್ಟಗಳ ಮೇಲೆ ಬಿಳಿಯ ಗೆರೆಯೆಳೆದು ಹೋಗುವ ವಿಮಾನಗಳಿಗೆ ನೆಲದಲ್ಲಿ ಕುಳಿತು ದಾರಿ ತೋರುವ ನಿಯಂತ್ರಕರ ಸಂಗತಿಯೂ ಹೀಗೆಯೇ ಇರುವುದು.

ಆಕಾಶವನ್ನು ಸೆಕ್ಟರ್ ಎಂಬ ಭಾಗಗಳಾಗಿ ವಿಂಗಡಿಸಿರುವರು. ನಿಯಂತ್ರಕರು ರೇಡಾರಿನ ತೆರೆಯನ್ನು ನೋಡುತ್ತ, ತಮ್ಮ ಸೆಕ್ಟರಿನ ವಿಮಾನಗಳ ನಡುವೆ ಎತ್ತರದಲ್ಲಿ ಸಾಧಾರಣವಾಗಿ ೧,೦೦೦ ಅಡಿ, ಇಲ್ಲವೆ ಅಡ್ಡಲಾಗಿ ಕೆಲವು ಮೈಲಿಗಳ ಅಂತರವಿರುವಂತೆ ಪೈಲಟರಿಗೆ ರೇಡಿಯೋ ಮೂಲಕ ಅಪ್ಪಣೆ ಕೊಡುವರು. ಗಂಟೆಗೆ ಇಂತಿಷ್ಟೇ ವಿಮಾನಗಳೆಂದು ಸೆಕ್ಟರಿಗೆ ಮಿತಿಯನ್ನು ಗೊತ್ತುಪಡಿಸುವುದು ರೂಢಿಯ ಪದ್ಧತಿ. ಆದರೆ ಒಂದರ ಹಿಂದೊಂದು ಸಮವಾಗಿ ಸಾಗುವ ಹತ್ತು ವಿಮಾನಗಳಿಗಿಂತಲೂ, ಏರುತ್ತ ಇಳಿಯುತ್ತ ಒಂದರ ದಾರಿಯನ್ನೊಂದು ಅಡ್ಡಹಾಯುವ ಐದು ವಿಮಾನಗಳು ಹೆಚ್ಚು ಆಲೋಚನೆಯನ್ನು ಬೇಡುವುವು. ಗುಡುಗಿನ ಮೋಡಗಳು ಕವಿದರಂತೂ, ಬಳಸಿ ಹೋಗಲು ಒಬ್ಬೊಬ್ಬ ಪೈಲಟರೂ ಅನುಮತಿ ಕೇಳುವುದರಿಂದ, ಎಣಿಕೆಯು ಹೆಚ್ಚದಿದ್ದರೂ ಕೆಲಸವು ಹೆಚ್ಚುವುದು. ಆದುದರಿಂದ ಶಾಸ್ತ್ರಜ್ಞರು ಏರಿಳಿತ, ವೇಗಭೇದ, ಪರಸ್ಪರ ಸಮೀಪಿಸುವ ಜೋಡಿಗಳು, ಹವೆಯ ಸ್ಥಿತಿ ಮೊದಲಾದುವನ್ನು ಲೆಕ್ಕಕ್ಕೆ ತಂದು, ಭಾರವನ್ನು ಕಂಪ್ಯೂಟರಿನಿಂದ ಮುಂದಾಗಿ ಅಂದಾಜು ಮಾಡುವ ಮಾರ್ಗಗಳನ್ನು ಕಲ್ಪಿಸಿರುವರು. ಮೊದಲೇ ತಿಳಿದರೆ ಸೆಕ್ಟರನ್ನು ಎರಡಾಗಿ ಒಡೆದು ಇನ್ನೊಬ್ಬರನ್ನು ಕೂರಿಸಬಹುದು. ಹೊರಡುವ ವಿಮಾನವನ್ನು ನೆಲದಲ್ಲಿಯೇ ತಡೆಯಬಹುದು. (ಪ್ರಯಾಣಿಕರು ಗೊಣಗುವ ವಿಳಂಬಕ್ಕೆ ಕೆಲವು ವೇಳೆ ಇದೇ ಕಾರಣ.)

ಭಾರ ಹೊತ್ತವರೇ ಹೇಳಬಾರದೇ ಎಂದು ನೀವು ಕೇಳಬಹುದು. ಮನಸ್ಸೆಲ್ಲವೂ ಕೆಲಸದಲ್ಲಿ ಮುಳುಗಿದವರಿಗೆ, ತಾವು ಮುಳುಗುತ್ತಿರುವುದು ಅನೇಕ ವೇಳೆ ತಿಳಿಯುವುದಿಲ್ಲ. ೨೦೦೨ನೆಯ ಇಸವಿ ಜುಲೈ ೧ರ ರಾತ್ರಿ ಜರ್ಮನಿಯ ಯೂಬರ್ಲಿಂಗನ್ ಊರಿನ ಬಳಿ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಹೊಡೆದು ೭೧ ಮಂದಿ ಮಡಿದರು. ಅವರಲ್ಲಿ ಬಹುಮಂದಿ ರಷ್ಯದ ಶಾಲಾಮಕ್ಕಳು. ಅಂದು ಸಂದಣಿಯೇನೂ ಇರಲಿಲ್ಲ. ಜೂರಿಕ್ ಕೇಂದ್ರದಲ್ಲಿ ಜೊತೆಯವರು ವಿಶ್ರಾಂತಿಗೆ ಹೋಗಿದ್ದುದರಿಂದ ಒಬ್ಬರೇ ಎರಡು ಮೇಜುಗಳನ್ನು ನೋಡುತ್ತಿದ್ದರು. ದುರಸ್ತಿಯ ನಿಮಿತ್ತ ಮುಖ್ಯ ದೂರವಾಣಿಯು ನಿಂತಿದ್ದಿತು. ಅವರ ಗಮನವು ತಡವಾಗಿ ಬಂದ ಮೂರನೆಯ ವಿಮಾನದ ಕಡೆಗಿತ್ತು. ಬೇರೆ ಕಾರಣಗಳೂ ಕೂಡಿದ್ದುವು.

ನಮ್ಮ ಬೆಂಗಳೂರಿನಲ್ಲಿಯೂ ೨೦೨೨ರ ಜನವರಿಯಲ್ಲಿ ಗಂಡಾಂತರವೊಂದು ತಪ್ಪಿತು. ದೇವನಹಳ್ಳಿಯ ಬಳಿಯ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಸಮಾನಾಂತರವಾದ ಎರಡು ರನ್‌ವೇಗಳಿರುವುವು. ಆ ಬೆಳಿಗ್ಗೆ ಉತ್ತರದ ರನ್‌ವೇಯನ್ನು ಮಾತ್ರ ಉಪಯೋಗಿಸಬೇಕೆಂದು ನಿಶ್ಚಯವಾಯಿತು. ಆ ಮಾತು ದಕ್ಷಿಣದ ರನ್‌ವೇಯ ನಿಯಂತ್ರಕರಿಗೆ ಮುಟ್ಟಲಿಲ್ಲ. ಎರಡರಿಂದಲೂ ಒಂದೊಂದು ವಿಮಾನವು ಒಂದೇ ಸಮಯದಲ್ಲಿ ಮೇಲೆದ್ದು ಪರಸ್ಪರ ಸಮೀಪಿಸತೊಡಗಿದುವು. ರೇಡಾರಿನ ಮುಂದಿದ್ದವರು ಕಂಡು, ಎರಡಕ್ಕೂ ಬೇರೆ ಬೇರೆ ದಿಕ್ಕಿಗೆ ತಿರುಗಲು ಹೇಳಿದುದರಿಂದ ನಾಲ್ಕುನೂರಕ್ಕೂ ಹೆಚ್ಚು ಜನರು ಉಳಿದರು. ಹೇಳದೆ ಉಳಿದ ಒಂದು ಮಾತನ್ನು ತೂಗುವ ಸೂತ್ರವನ್ನು ನಾನು ಯಾವ ಗಣಿತದಲ್ಲಿಯೂ ಕಾಣೆನು.

ಈ ಉದ್ಯೋಗಕ್ಕೆ ಗಣಿತ ಮತ್ತು ಭೌತಶಾಸ್ತ್ರದ ಬಿ.ಎಸ್‌ಸಿ. ಪದವಿಯಾಗಲಿ, ಇಂಜಿನಿಯರಿಂಗ್ ಪದವಿಯಾಗಲಿ ಬೇಕು. ಹೆಂಗಸರೂ ಆ ಕುರ್ಚಿಗಳಲ್ಲಿ ಕುಳಿತಿರುವರು.