ತಂತಿಯಲ್ಲಿ ಸ್ವರ ಹರಿಯುವುದಿಲ್ಲ

1988ರಲ್ಲಿ ಬೆಂಗಳೂರಿನ ವಾದಕರೊಬ್ಬರಿಂದ ರೋಲ್ಯಾಂಡ್ ಪ್ಯಾಡ್-8 ಅನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡು, ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗುಬ್ಬಿಗೆ ತಂದೆ. ಎಂಟು ರಬ್ಬರ್ ಚೌಕಗಳ ಕರಿ ಪೆಟ್ಟಿಗೆ. ಹಿಂದಿನ ವರ್ಷವಷ್ಟೇ ‘ಪ್ರೇಮಲೋಕ’ ಬಂದಿತ್ತು. ಊರೂರಿನ ರಸಮಂಜರಿಯಲ್ಲೂ ಜನ ಆ ಹಾಡುಗಳನ್ನೇ, ಕ್ಯಾಸೆಟ್ಟಿನಲ್ಲಿ ಕೇಳಿದ ಹಾಗೆಯೇ ಕೇಳಬೇಕೆನ್ನುತ್ತಿದ್ದರು. ತಬಲ, ಢೋಲಕ್ ಇಟ್ಟುಕೊಂಡಿದ್ದ ನಮ್ಮ ತಂಡಕ್ಕೆ ಅದು ಸಾಧ್ಯವಿರಲಿಲ್ಲ. ಎರಡು ವರ್ಷ ಕೂಡಿಟ್ಟ ದುಡ್ಡೆಲ್ಲ ಆ ಪೆಟ್ಟಿಗೆಗೆ ಹೋಯಿತು.

ಪಡಸಾಲೆಯಲ್ಲಿಟ್ಟು ಬಾರಿಸಿದೆ. ಕೋಲು ರಬ್ಬರಿಗೆ ಬಡಿದ ಶಬ್ದ ಬಿಟ್ಟರೆ ಮತ್ತೇನೂ ಇಲ್ಲ. ಹಿಂಬದಿಯ ಒಂದೊಂದು ತೂತಿಗೂ ಆಂಪ್ಲಿಫೈಯರಿನ ತಂತಿ ಚುಚ್ಚಿ ನೋಡಿದೆ. ಮೋಸ ಹೋದೆ ಅಂತಲೇ ಅಂದುಕೊಂಡೆ. ಮಾರನೆಯ ದಿನ ಮತ್ತೆ ಬೆಂಗಳೂರಿಗೆ ಹೋದಾಗ ಆ ವಾದಕರು ತಾಳ್ಮೆಯಿಂದ ಹೇಳಿದರು: ಇದರೊಳಗೆ ನಾದವೇ ಇಲ್ಲ, ಇದು ಮಿಡಿ ಸಂದೇಶ ಮಾತ್ರ ಕಳಿಸುತ್ತದೆ, ನಾದ ಬೇಕಾದರೆ ಬೇರೆ ಡ್ರಮ್ ಮೆಷಿನ್ ಕೊಳ್ಳಬೇಕು.

ಅಪ್ಪ ಪೌರಾಣಿಕ ನಾಟಕಗಳ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ, ರಾಮಾಯಣ ಕಲಿಸಿಯೇ ನಮ್ಮನ್ನು ಸಾಕಿದವರು. ನಾನು ಮುಖ ಸಣ್ಣದು ಮಾಡಿಕೊಂಡು ವಿಷಯ ಹೇಳಿದೆ. ಎಲ್ಲ ಕೇಳಿಸಿಕೊಂಡು, “ಅಂದ್ರೆ ಇದು ಸೈಡ್‌ವಿಂಗಲ್ಲಿ ನಿಂತಿರೋ ಪ್ರಾಂಪ್ಟರ್ ಕಣೋ. ಮಾತು ಎತ್ತಿಕೊಡುತ್ತೆ, ಅಷ್ಟೆ. ಪಾತ್ರಧಾರಿನ ನೀನಿನ್ನೂ ತಂದೇ ಇಲ್ಲ” ಅಂದರು. ಮಿಡಿ ಎಂದರೇನು ಅಂತ ನನಗೆ ಅರ್ಥವಾದದ್ದು ಆ ಮಾತಿನಿಂದ. ಆಮೇಲೆ ಓದಿದ ಪುಸ್ತಕಗಳಲ್ಲಿ ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಕಾಣಲಿಲ್ಲ.

ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಕೂತಿದ್ದ ಕಾಲದಲ್ಲಿ, ರೋಲ್ಯಾಂಡಿನ ಇಕುತಾರೊ ಕಾಕೆಹಾಶಿ ಮತ್ತು ಸೀಕ್ವೆನ್ಷಿಯಲ್ ಕಂಪನಿಯ ಡೇವ್ ಸ್ಮಿತ್ ಮುಂದೆ ನಿಂತು ಒಂದು ಸಾಮಾನ್ಯ ಭಾಷೆ ಮಾಡಿಸಿದರು. ಅದೇ ಮಿಡಿ. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯ ಮೇಳದಲ್ಲಿ ಪ್ರಾಫೆಟ್-600, ಜುಪಿಟರ್-6 ಎಂಬ ಎರಡು ಕೀಬೋರ್ಡ್‌ಗಳನ್ನೂ ಒಂದೇ ತಂತಿಯಿಂದ ಕಟ್ಟಿ ನುಡಿಸಿ ತೋರಿಸಿದರು. ತಂತಿಯಲ್ಲಿ ಹೋಗುವುದು ಇಷ್ಟೇ: ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ, ಯಾವಾಗ ಬಿಟ್ಟೆ. ಮನೆಗೂ ಜೋರಿಗೂ 0ಯಿಂದ 127ರವರೆಗೆ ಅಂಕಿ. ಸೆಕೆಂಡಿಗೆ 31,250 ಬಿಟ್ ವೇಗ. ಒಂದು ಸ್ವರದ ಸುದ್ದಿ ಮುಟ್ಟಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು.

ಡ್ರಮ್ ಮೆಷಿನ್ ಟಿಆರ್-505 ಕೈಗೆ ಬರಲು ಇನ್ನೂ ಏಳು ತಿಂಗಳು ಹಿಡಿಯಿತು. ಅದರ ಜೊತೆ ಬಂದ ಅಡಾಪ್ಟರ್ ಜಪಾನಿನ 100 ವೋಲ್ಟಿನದು. ನಮ್ಮ 230ಕ್ಕೆ ಚುಚ್ಚಿದ ಕೂಡಲೇ ಸುಟ್ಟ ವಾಸನೆ ಬಂತು. ಮೆಷಿನ್ ಉಳಿದದ್ದು ಪುಣ್ಯ. ಅಂದಿನಿಂದ ಯಾವ ವಾದ್ಯ ಬಂದರೂ ಮೊದಲು ಅದರ ಬೆನ್ನು ತಿರುಗಿಸಿ ವೋಲ್ಟೇಜ್ ಓದುತ್ತೇನೆ.

ಮಿಡಿ ಕೇಬಲ್ ತುಮಕೂರಿನಲ್ಲಿ ಸಿಗುತ್ತಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಐದು ಪಿನ್ನಿನ ಡಿನ್ ಪ್ಲಗ್ ತಂದು ನಾನೇ ಬೆಸುಗೆ ಹಾಕಿದೆ. ಕೆಲಸ ಮಾಡಲಿಲ್ಲ. ಮೂರು ಸಲ ಬಿಚ್ಚಿ ಬೆಸೆದೆ. ಕೊನೆಗೆ ತಿಳಿಯಿತು: ಒಂದು ತುದಿಯ ಪಿನ್ನುಗಳನ್ನು ಎದುರಿನಿಂದ ಎಣಿಸಿದ್ದೆ, ಇನ್ನೊಂದು ತುದಿಯದನ್ನು ಬೆಸುಗೆಯ ಕಡೆಯಿಂದ. ಕನ್ನಡಿಯಲ್ಲಿ ಕಂಡ ಹಾಗೆ 4 ಮತ್ತು 5 ಅದಲುಬದಲಾಗಿದ್ದವು. ಸುದ್ದಿ ಸಾಗಿಸುವ ಪಿನ್ನುಗಳು ಆ ಎರಡೇ.

ಆ ತಂತಿಯ ಬಗ್ಗೆ ನನಗೆ ಇವತ್ತಿಗೂ ಗೌರವ. ಹಳ್ಳಿಯಲ್ಲಿ ಜನರೇಟರ್ ಒಂದು ಕಡೆ, ಮೈಕ್‌ಸೆಟ್ ಒಂದು ಕಡೆ, ಅರ್ತಿಂಗ್ ಅನ್ನುವುದು ಇರುತ್ತಲೇ ಇರಲಿಲ್ಲ. ಆಡಿಯೋ ಕೇಬಲ್ ಮುಟ್ಟಿದರೆ ಗುಂಯ್ ಎನ್ನುತ್ತಿತ್ತು. ಮಿಡಿ ತಂತಿಯಿಂದ ಮಾತ್ರ ಆ ಗುಂಯ್ ಬರಲಿಲ್ಲ. ಯಾಕೆಂದರೆ ಸುದ್ದಿ ಮುಟ್ಟುವ ಕಡೆ ಒಂದು ಪುಟ್ಟ ಬೆಳಕಿನ ಬೀಜವಿದೆ. ವಿದ್ಯುತ್ತು ಅದನ್ನು ಹೊತ್ತಿಸಿ ಆರಿಸುತ್ತದೆ, ಎದುರಿನ ಇನ್ನೊಂದು ಬಿಡಿಭಾಗ ಆ ಬೆಳಕನ್ನು ನೋಡಿ ಸುದ್ದಿ ತಿಳಿಯುತ್ತದೆ. ಎರಡು ವಾದ್ಯಗಳ ವಿದ್ಯುತ್ತು ಒಂದಕ್ಕೊಂದು ಮುಟ್ಟುವುದೇ ಇಲ್ಲ.

ಅಷ್ಟಾದರೂ ಪಾಠ ಮುಗಿದಿರಲಿಲ್ಲ. ಪ್ಯಾಡ್ ಕಳಿಸುವ ನಂಬರೂ ಮೆಷಿನ್ ಕಾಯುವ ನಂಬರೂ ಹೊಂದಬೇಕು, ಇಲ್ಲದಿದ್ದರೆ ಬೇಸ್ ಡ್ರಮ್ ಅಂತ ಬಾರಿಸಿದಾಗ ಚಪ್ಪಾಳೆ ಬರುತ್ತದೆ. ಅಪ್ಪನ ನಾಟಕಕ್ಕೆ ಪ್ಯಾಡ್ ನುಡಿಸುವಾಗ, ಭೀಮನ ಪ್ರವೇಶದ ತಾಲೀಮಿನಲ್ಲಿ ಹಾಗೇ ಆಯಿತು. ಆಗ ಕಂಪನಿಗೊಂದು ಲೆಕ್ಕ. 36 ಅಂದರೆ ಬೇಸ್ ಡ್ರಮ್, 38 ಅಂದರೆ ಸ್ನೇರ್ ಅಂತ ಎಲ್ಲರಿಗೂ ಒಂದೇ ಕ್ರಮ ಬಂದದ್ದು 1991ರ ಜನರಲ್ ಮಿಡಿಯಿಂದ. ಅಲ್ಲಿಯವರೆಗೆ ನನ್ನ ಜೇಬಿನಲ್ಲಿ ನಂಬರ್ ಬರೆದ ಚೀಟಿ ಇರುತ್ತಿತ್ತು.

ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಕುರುಕ್ಷೇತ್ರ ನನಗೆ ಮರೆಯುವಂತಿಲ್ಲ. ಅಷ್ಟರಲ್ಲಿ ಕ್ಯಾಸಿಯೋ ಸಿಝಡ್-101 ಕೊಂಡಿದ್ದೆ: ಚಿಕ್ಕ ಮನೆಗಳದು, ಆರು ದೊಡ್ಡ ಸೆಲ್ಲಿನ ಮೇಲೂ ನಡೆಯುತ್ತಿದ್ದುದರಿಂದ ಕರೆಂಟ್ ಹೋದರೂ ಹೆದರಿಕೆ ಇರಲಿಲ್ಲ. ಅದರಿಂದ ಯಮಹಾ ಎಫ್‌ಬಿ-01 ಎಂಬ ನಾದದ ಪೆಟ್ಟಿಗೆಯನ್ನು ನುಡಿಸುತ್ತಿದ್ದೆ. ನಡುರಾತ್ರಿ, ಕರ್ಣನ ಪಾತ್ರಧಾರಿ ಕಂದಪದ್ಯ ಎತ್ತಿಕೊಂಡಿದ್ದಾನೆ. ಯಾರದೋ ಕಾಲು ಸಿಕ್ಕಿ ಮಿಡಿ ತಂತಿ ಕಿತ್ತು ಬಂತು. ಕೈ ತೆಗೆದರೂ ಸ್ವರ ನಿಲ್ಲಲಿಲ್ಲ. ‘ಬಿಟ್ಟೆ’ ಎಂಬ ಸುದ್ದಿ ಹೋಗಲು ತಂತಿಯೇ ಇಲ್ಲ. ಪೆಟ್ಟಿಗೆ ನಾನಿನ್ನೂ ಒತ್ತಿಯೇ ಇದ್ದೇನೆಂದು ನಂಬಿ ಮಧ್ಯಮವನ್ನು ಹಿಡಿದುಕೊಂಡೇ ಇತ್ತು. ನಾನು ಗಾಬರಿಯಲ್ಲಿ ಕೀಬೋರ್ಡ್ ಆಫ್ ಮಾಡಿದೆ, ಪ್ರಯೋಜನವಿಲ್ಲ. ಪಾತ್ರಧಾರಿ ಶ್ರುತಿ ತಪ್ಪಿ ನಿಂತುಬಿಟ್ಟ. ಅಪ್ಪ ಹಾರ್ಮೋನಿಯಂ ತಿದಿ ಜೋರಾಗಿ ತುಳಿದು ಷಡ್ಜ ಕೊಟ್ಟು, ಅದೇ ಸಾಲನ್ನು ತಾವೇ ಹಾಡಿ ಎತ್ತಿಕೊಟ್ಟರು. ಅಷ್ಟರಲ್ಲಿ ನಾನು ಎಫ್‌ಬಿ-01ರ ಸ್ವಿಚ್ಚಿಗೆ ಕೈ ಹಾಕಿದ್ದೆ. ನಿಲ್ಲಿಸಬೇಕಾದ್ದು ಪ್ರಾಂಪ್ಟರನ್ನಲ್ಲ, ಪಾತ್ರಧಾರಿಯನ್ನು. ಮಾರನೆಯ ನಾಟಕದಿಂದ ಎಲ್ಲ ತಂತಿಯನ್ನೂ ಸ್ಟ್ಯಾಂಡಿನ ಕಾಲಿಗೆ ದಾರದಿಂದ ಕಟ್ಟಲು ಶುರು ಮಾಡಿದೆ.

ಗಮಕದ ವಿಷಯ ಇದಕ್ಕಿಂತ ಕಷ್ಟದ್ದು. ಹಾರ್ಮೋನಿಯಂನಲ್ಲೂ ಸ್ವರದಿಂದ ಸ್ವರಕ್ಕೆ ಜಾರಲಾಗದು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದಕ್ಕೆ ಅದೂ ಒಂದು ಕಾರಣ. ಅಪ್ಪ ಪಕ್ಕದ ಮನೆಗಳನ್ನು ಚಿಟುಕಿನಲ್ಲಿ ಮುಟ್ಟಿ ಬಿಟ್ಟು ಗಮಕದ ಭಾಸ ತರುತ್ತಿದ್ದರು. ಕೀಬೋರ್ಡಿನಲ್ಲಿ ಪಿಚ್ ಬೆಂಡ್ ಚಕ್ರ ಕಂಡಾಗ ಗೆದ್ದೆ ಅನ್ನಿಸಿತು. ಬೆಂಡಿಗೆ 16,384 ಮೆಟ್ಟಿಲು. ತೋಡಿಯ ಗಾಂಧಾರವನ್ನು ತೂಗಿಸಬಹುದು. ಆದರೆ ಬೆಂಡ್ ಸಂದೇಶ ಒಂದು ಸ್ವರಕ್ಕಲ್ಲ, ಇಡೀ ಚಾನೆಲ್ಲಿಗೆ ಹೋಗುತ್ತದೆ. ಎಡಗೈಯಲ್ಲಿ ಷಡ್ಜ ಹಿಡಿದು ಬಲಗೈಯ ಗಾಂಧಾರ ತೂಗಿಸಿದರೆ ಷಡ್ಜವೂ ತೂಗಾಡುತ್ತದೆ. ಶ್ರುತಿಯೇ ಅಲ್ಲಾಡಿದ ಮೇಲೆ ಹಾಡುವವನು ಎಲ್ಲಿ ನಿಲ್ಲಬೇಕು?

ಚಾನೆಲ್ಲುಗಳು ಹದಿನಾರಿದ್ದವು, ಶ್ರುತಿಯನ್ನು ಬೇರೆ ಚಾನೆಲ್ಲಿಗೆ ಹಾಕಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಶ್ರುತಿಯನ್ನು ಅಪ್ಪನ ಹಾರ್ಮೋನಿಯಂಗೆ ಬಿಟ್ಟು, ಒಂಟಿ ಸ್ವರದಲ್ಲಿ ಬಲಗೈ, ಚಕ್ರದ ಮೇಲೆ ಎಡಗೈ ಇಟ್ಟುಕೊಂಡೆ. ಕೀಬೋರ್ಡ್ ಬಂದರೆ ಮೇಷ್ಟ್ರಿಗೆ ಕೆಲಸವಿಲ್ಲ ಎನ್ನುತ್ತಿದ್ದವರಿದ್ದರು. ನಮ್ಮ ತಂಡದಲ್ಲಿ 2003ರವರೆಗೂ ಅಪ್ಪ ಎದುರಿಗೆ, ನಾನು ಪಕ್ಕಕ್ಕೆ. ಪದ್ಯ ಎಲ್ಲಿ ಎತ್ತಬೇಕು, ನಟನ ಉಸಿರು ಎಲ್ಲಿ ಸಾಲದು ಎನ್ನುವುದನ್ನು ಅವರ ತಲೆಯಾಟ ನೋಡಿಯೇ ನಾನು ಕಲಿತದ್ದು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ನಮ್ಮದು. ಗುಬ್ಬಿ ವೀರಣ್ಣನವರು ರಂಗಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರೂ ಪದ್ಯ ಹಾಡುವವರ ಕಂಠವನ್ನು ಕಡೆಗಣಿಸಿದವರಲ್ಲ ಅಂತ ಅಪ್ಪ ಹೇಳುತ್ತಿದ್ದರು.

ಈಗ ತುಮಕೂರಿನಲ್ಲಿದ್ದೇನೆ. ಹೋದ ವರ್ಷ ರಿದಂ ಪ್ಯಾಡ್ ನುಡಿಸುವ ಹುಡುಗನೊಬ್ಬ ಮನೆಗೆ ಬಂದು, ಅಟ್ಟದ ಮೇಲಿದ್ದ ಪ್ಯಾಡ್-8 ಕೆಳಗಿಳಿಸಿದ. ಸಣ್ಣದೊಂದು ಯುಎಸ್‌ಬಿ ತಂತಿಯಿಂದ ಅದನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಏಳು ಚೌಕ ಚೆನ್ನಾಗಿ ನುಡಿದವು, ಎಂಟನೆಯದರ ರಬ್ಬರ್ ಗಟ್ಟಿಯಾಗಿತ್ತು. 2020ರಲ್ಲಿ ಮಿಡಿ 2.0 ಬಂದಿದೆ, ಆದರೂ 1983ರ ಆ ಮಾತು ಹೊಸ ಯಂತ್ರಕ್ಕೆ ಹಾಗೇ ತಿಳಿಯುತ್ತದೆ. ಮುಂದಿನ ವಾರ ಎಡೆಯೂರಿನ ಕಡೆ ಅವನಿಗೊಂದು ನಾಟಕವಿತ್ತು, ಪ್ಯಾಡ್ ಕೇಳಿದ. ಕೊಟ್ಟೆ. ಹೊರಡುವ ಮುಂಚೆ ಕೂರಿಸಿಕೊಂಡು, ತಂತಿಯನ್ನು ಸ್ಟ್ಯಾಂಡಿನ ಕಾಲಿಗೆ ಹೇಗೆ ಬಿಗಿಯಬೇಕೆಂದು ದಾರ ತಂದು ತೋರಿಸಿದೆ.